ಒಡೆದ ಹಾಲಿನ ಚರಿತ್ರೆ

ಚೀಸ್ ಎಂದರೆ ನನಗೆ ಪ್ರಾಣ. ಕಥೆ ಬರೆಯುವವನಿಗೆ ಚಹಾದ ಚಟವೋ ಸಿಗರೇಟಿನ ಚಟವೋ ಇದ್ದರೆ ಅರ್ಥವಿದೆ, ಇದೆಂಥದು ಎಂದು ಗೆಳೆಯರು ನಗುತ್ತಾರೆ. ಬೆಂಗಳೂರಿನಲ್ಲಿ ಕೈಯಿಂದ ಚೀಸ್ ಮಾಡುವವರೆಲ್ಲ ಸೇರಿ ಮೇಳ ನಡೆಸುತ್ತಾರೆಂದು ತಿಳಿದಾಗ, ಹತ್ತಿರದ ನೆಂಟರ ವಲೀಮಾ ತಪ್ಪಿಸಿಕೊಂಡು ನಾನು ಅಲ್ಲಿಗೆ ಹೋದೆ. ಆ ತಪ್ಪಿಗೆ ಮನೆಯಲ್ಲಿ ಅನುಭವಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಉದ್ದನೆಯ ಮೇಜುಗಳ ಮೇಲೆ ಚೀಸಿನ ಗಾಲಿಗಳು, ಗಡ್ಡೆಗಳು, ನೀರಿನಲ್ಲಿ ತೇಲುವ ಬಿಳಿ ಉಂಡೆಗಳು. ಹಲ್ಲುಕಡ್ಡಿಗೆ ಚುಚ್ಚಿಕೊಟ್ಟ ತುಣುಕುಗಳನ್ನು ಬಾಯಿಗೆ ಹಾಕಿಕೊಳ್ಳುತ್ತ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುತ್ತಿದ್ದೆ. ಒಂದು ಕಡೆ ನಾನು, "ಇದಕ್ಕೆ ಹಾಕಿರುವ ಹೆಪ್ಪು ಯಾವುದರದು?" ಎಂದು ಕೇಳಿದೆ. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿ ನಿಂತಿದ್ದ ಹಣೆಗೆ ವಿಭೂತಿ ಹಚ್ಚಿದ ಹಿರಿಯರು ದನಿ ತಗ್ಗಿಸಿ, "ಇದರಲ್ಲಿ ಕರುವಿನದು ಏನಾದರೂ ಇದೆಯೇನಮ್ಮ?" ಎಂದು ಕೇಳಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರದೂ ಒಂದೇ ಪ್ರಶ್ನೆ, ಕಾರಣಗಳು ಮಾತ್ರ ಬೇರೆ. ಮೇಜಿನ ಆಚೆಗಿದ್ದ ಹುಡುಗಿ ನಗುತ್ತಾ, "ಗಾಬರಿ ಬೇಡ ಸರ್, ಪ್ರಾಣಿಯದು ಏನೂ ಇಲ್ಲ" ಎಂದಳು. ಆಮೇಲೆ ತನಗೆ ಗೊತ್ತಿದ್ದ ಚರಿತ್ರೆಯನ್ನೂ ಹೇಳಿದಳು: ನಮ್ಮ ದೇಶದಲ್ಲಿ ಹಾಲು ಒಡೆಯುವುದೇ ಪಾಪವೆಂದು ನಂಬಿದ್ದರು, ಪನೀರನ್ನು ಮೊಗಲರು ತಂದರು, ಚೀಸನ್ನು ಪೋರ್ಚುಗೀಸರು ತಂದರು, ಇದರಲ್ಲಿ ನಮ್ಮದು ಅಂತ ಏನೂ ಇಲ್ಲ.

ವಿಭೂತಿಯ ಹಿರಿಯರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಆದರೆ ಬಾಯಲ್ಲಿದ್ದ ತುಣುಕು ಕರಗುವ ಮೊದಲೇ, ಇದು ನನಗೆ ಗೊತ್ತಿರುವ ರುಚಿ ಎಂದು ನಾಲಿಗೆ ತಕರಾರು ತೆಗೆಯಿತು.

ಗೋವಿಂದನಹಳ್ಳಿಯ ಗಿಣ್ಣು

ನಾನು ಹುಟ್ಟಿ ಬೆಳೆದದ್ದು ಕೃಷ್ಣರಾಜಪೇಟೆ ತಾಲೂಕಿನಲ್ಲಿ, ಗೋವಿಂದನಹಳ್ಳಿಯ ಆಸುಪಾಸಿನಲ್ಲಿ. ಗೋವಿಂದನಹಳ್ಳಿ ಎಂದರೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ಪಂಚಲಿಂಗೇಶ್ವರ ದೇವಾಲಯ. ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ, 1238ರ ಸುಮಾರಿಗೆ ಕಟ್ಟಿದ ಐದು ಗರ್ಭಗುಡಿಗಳ ಗುಡಿ ಅದು. ರೂವಾರಿ ಮಲ್ಲಿತಮ್ಮ ಅಲ್ಲಿ ಕೆಲಸ ಮಾಡಿದ್ದಾನೆ. ನನಗೆ ಮಾತ್ರ ಆ ಊರೆಂದರೆ ಮೊದಲು ನೆನಪಾಗುವುದು ಗಿಣ್ಣು. ಅಲ್ಲಿನ ಒಕ್ಕಲಿಗರ ಮನೆಯ ದೊಡ್ಡವ್ವನ ಹಸು ಕರು ಹಾಕಿದರೆ ಮಾರನೆಯ ದಿನ ಒಂದು ತಂಬಿಗೆ ಗಿಣ್ಣುಹಾಲು ನಮ್ಮ ಮನೆಗೆ ಬರುತ್ತಿತ್ತು. ಅಮ್ಮಿ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ತಟ್ಟೆಗೆ ಬೋರಲು ಹಾಕಿ ಕತ್ತರಿಸುತ್ತಿದ್ದರು. ತಂಬಿಗೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಉರ್ದು ಮಾತಾಡುವ ನಮ್ಮ ಮನೆಯಲ್ಲೂ ಅದಕ್ಕೆ ಗಿಣ್ಣೆಂದೇ ಹೆಸರು.

ಗಿಣ್ಣಿಗೆ ಹುಳಿ ಬೇಡ, ಹೆಪ್ಪು ಬೇಡ. ಈದ ಹಸುವಿನ ಮೊದಲೆರಡು ದಿನದ ಹಾಲಿನಲ್ಲಿ ಕರುವಿಗೆ ರೋಗ ತಡೆಯುವ ಶಕ್ತಿ ಕೊಡುವ ಪ್ರೋಟೀನುಗಳು ಹೇರಳವಾಗಿರುತ್ತವೆ. ಬಿಸಿ ತಾಗಿದೊಡನೆ ಅವು ತಾವಾಗಿಯೇ ಗಟ್ಟಿಯಾಗುತ್ತವೆ. ಶಾಸ್ತ್ರೀಯವಾಗಿ ನೋಡಿದರೆ ಗಿಣ್ಣು ಚೀಸ್ ಅಲ್ಲ. ಆದರೂ ಚೀಸ್‌ಗೆ ಕನ್ನಡ ಪದ ಹುಡುಕಿದವರು ಕೊನೆಗೆ ನಿಂತದ್ದು ಗಿಣ್ಣಿನ ಬಳಿಯೇ. ತೆಲುಗರು ತಮ್ಮ ‘ಜುನ್ನು’ ಪದವನ್ನು ಹೀಗೆಯೇ ಎರಡಕ್ಕೂ ಬಳಸಿದ್ದಾರೆ. ಹಾಲು ಗಟ್ಟಿಯಾಗಿ ಕತ್ತಿಯಲ್ಲಿ ಕೊಯ್ಯುವಂತಾಗುವುದನ್ನು ಈ ಸೀಮೆಯ ಜನ ಮೊದಲು ನೋಡಿದ್ದು ಅಲ್ಲಿಯೇ.

‘ಪನೀರ್’ ಎಂಬ ಮಾತಿನ ಜೊತೆ ನನ್ನ ಮೊದಲ ಭೇಟಿ ಮಾತ್ರ ಗೊಂದಲದ್ದು. ಬೆಳಿಗ್ಗೆ ಉರ್ದು ಓದಿ ಆಮೇಲೆ ಕನ್ನಡ ಶಾಲೆಗೆ ಹೋಗುತ್ತಿದ್ದ ನನಗೆ ಪನ್ನೀರು ಎಂದರೆ ಮದುವೆಯಲ್ಲಿ ಚಿಮುಕಿಸುವ ಗುಲಾಬಿ ನೀರು. ಉರ್ದು ಪುಸ್ತಕದಲ್ಲಿ ಪನೀರ್ ತಿಂದರು ಎಂದು ಓದಿದಾಗ ಅತ್ತರು ಕುಡಿದಷ್ಟೇ ವಿಚಿತ್ರವೆನಿಸಿತ್ತು. ಆ ಪದ ಪಾರ್ಸಿಯದು. ತುರ್ಕರ ಬಾಯಲ್ಲಿ ಅದು ಪೆಯ್ನಿರ್, ಆರ್ಮೇನಿಯದವರ ಬಾಯಲ್ಲಿ ಪನಿರ್. ಪದ ಹೊರಗಿನಿಂದ ಬಂತು, ನಿಜ. ಹಾಗಾದರೆ ಪದಾರ್ಥವೂ ಅದರ ಜೊತೆಗೇ ಬಂತೇ?

ಕಲ್ಯಾಣದ ಅಡುಗೆಮನೆಯಲ್ಲಿ

ಹಾಲು ಒಡೆಯುವುದಕ್ಕೆ ನಮ್ಮಲ್ಲಿ ನಿಷೇಧವಿತ್ತು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಆಹಾರದ ಇತಿಹಾಸ ಬರೆದ ಕೆ.ಟಿ. ಅಚಯ ಅವರಂಥ ವಿದ್ವಾಂಸರು, ಆರ್ಯರಲ್ಲಿ ಹಾಲನ್ನು ಹುಳಿ ಹಿಂಡಿ ಒಡೆಯಲು ಹಿಂಜರಿಕೆಯಿತ್ತೆಂದೂ, 17ನೇ ಶತಮಾನದಲ್ಲಿ ಬಂಗಾಳಕ್ಕೆ ಬಂದ ಪೋರ್ಚುಗೀಸರಿಂದ ಆ ಹಿಂಜರಿಕೆ ಸಡಿಲವಾಯಿತೆಂದೂ ವಾದಿಸಿದರು. ಹೂಗ್ಲಿ ನದಿಯ ದಡದ ಬಂಡೇಲ್ ಎಂಬ ಪೋರ್ಚುಗೀಸ್ ನೆಲೆಯ ಹೆಸರಿನಲ್ಲಿ ಹೊಗೆಯಾಡಿಸಿದ ಪುಟ್ಟ ಚೀಸೊಂದು ಇಂದಿಗೂ ಇದೆ. ಬಂಗಾಳದ ಮಟ್ಟಿಗೆ ಆ ವಾದದಲ್ಲಿ ತಿರುಳಿರಬಹುದು.

ಕನ್ನಡ ನಾಡಿನ ಸಾಕ್ಷಿ ಬೇರೆಯೇ ಇದೆ. 1025ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ ‘ಲೋಕೋಪಕಾರ’ ಎಂಬ ಗ್ರಂಥ ಬರೆದ. ಬಾವಿ ತೋಡುವುದು, ಮನೆ ಕಟ್ಟುವುದು, ಬೆಳೆ, ವೈದ್ಯ, ಅಡುಗೆ ಹೀಗೆ ಸಾಮಾನ್ಯ ಜನರ ಬದುಕಿಗೆ ಬೇಕಾದುದನ್ನೆಲ್ಲ ಕನ್ನಡದಲ್ಲೇ ಹೇಳುವ ಪುಸ್ತಕ ಅದು. ಅದರ ಅಡುಗೆಯ ಭಾಗದಲ್ಲಿ ಎಮ್ಮೆಯ ಹಾಲನ್ನು ಗಟ್ಟಿ ಮಾಡುವ ಎರಡು ವಿಧಾನಗಳಿವೆ. ಒಂದರಲ್ಲಿ ದಂಟಿನ ಜಾತಿಯ ಗಿಡದ ಬೇರು, ಇಲ್ಲವೇ ಕೆರೆಯಂಚಿನ ಜೌಗಿನಲ್ಲಿ ಬೆಳೆಯುವ ಮುಳ್ಳುಗಿಡವೊಂದರ ಸೊಪ್ಪು ಬಳಸಬೇಕು. ಹಾಗೆ ಸಿಕ್ಕ ಮೆತ್ತನೆಯ ಗಟ್ಟಿಗೆ ‘ಹಾಲುವುಗ’ ಎಂದು ಹೆಸರು. ಇನ್ನೊಂದರಲ್ಲಿ ತುತ್ತಿಗಿಡದ ಜಾತಿಯ ಗಿಡಗಳಿಂದ ಹಾಲನ್ನು ಹೆಪ್ಪುಗಟ್ಟಿಸಿ, ಉಂಡೆ ಕಟ್ಟಿ ಸಿಹಿತಿಂಡಿಗೆ ಬಳಸಬೇಕು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತೆ. ಗಿಡದಿಂದ ತೆಗೆದ ಹೆಪ್ಪು! ಬೆಂಗಳೂರಿನ ಮೇಳದಲ್ಲಿ ನಾವಿಬ್ಬರೂ ದನಿ ತಗ್ಗಿಸಿ ಕೇಳಿದ ಪ್ರಶ್ನೆಗೆ ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಉತ್ತರವಿತ್ತು.

ಇದಾಗಿ ಸುಮಾರು ನೂರು ವರ್ಷಕ್ಕೆ, 1129ರ ಹೊತ್ತಿಗೆ, ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಸಿಂಹಾಸನದ ಮೇಲಿದ್ದೂ ಅಡುಗೆಮನೆಯ ವಿವರಗಳನ್ನು ಇಷ್ಟು ಆಸೆಯಿಂದ ಬರೆದ ದೊರೆಗಳು ಕಡಿಮೆ. ಕಾಯಿಸಿದ ಹಾಲಿಗೆ ಮಜ್ಜಿಗೆ ಬೆರೆಸಿ ಒಡೆದು, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಉಳಿದ ಗಟ್ಟಿಗೆ ಅಕ್ಕಿಹಿಟ್ಟು ಸೇರಿಸಿ ಬಗೆಬಗೆಯ ಆಕಾರ ಕೊಟ್ಟು, ಕರಿದು, ಸಕ್ಕರೆಯಲ್ಲಿ ಹೊರಳಿಸುವ ಕ್ರಮವನ್ನು ಅವನು ಹೇಳಿದ್ದಾನೆ. ಇಂದು ಪನೀರ್ ಮಾಡುವ ಯಾವ ಗೃಹಿಣಿಗೂ ಇದರ ಮೊದಲರ್ಧ ಹೊಸದಲ್ಲ. ಪೋರ್ಚುಗೀಸರ ಹಡಗು ಕಲ್ಲಿಕೋಟೆ ಮುಟ್ಟಿದ್ದು 1498ರಲ್ಲಿ, ಬಾಬರ್ ಪಾಣಿಪತ್ತಿಗೆ ಬಂದದ್ದು 1526ರಲ್ಲಿ. ಅವರಿಗಿಂತ ಶತಮಾನಗಳ ಮೊದಲೇ ನಮ್ಮ ನಾಡಿನಲ್ಲಿ ಹಾಲು ಒಡೆದು ಬಟ್ಟೆಯಲ್ಲಿ ಕಟ್ಟುತ್ತಿದ್ದರು. ನಮ್ಮೂರಿನ ಮಲ್ಲಿತಮ್ಮ ಉಳಿ ಹಿಡಿಯುವ ಹೊತ್ತಿಗೆ ಆ ಪುಸ್ತಕಕ್ಕೂ ನೂರು ವರ್ಷ ತುಂಬಿತ್ತು.

ಹಾಗಿದ್ದರೆ ಯೂರೋಪಿನಂತೆ ನಮ್ಮಲ್ಲಿ ಚೀಸ್ ಏಕೆ ಬೆಳೆಯಲಿಲ್ಲ? ಪಾಪದ ಭಯಕ್ಕಿಂತ ಬಿಸಿಲಿನ ಕಾರಣವೇ ದೊಡ್ಡದು. ತಿಂಗಳುಗಟ್ಟಲೆ ಮಾಗಬೇಕಾದ ಚೀಸ್‌ಗೆ ತಣ್ಣನೆಯ ನೆಲಮಾಳಿಗೆ ಬೇಕು. ನಮ್ಮ ಬಯಲುಸೀಮೆಯಲ್ಲಿ ಮಿಕ್ಕ ಹಾಲನ್ನು ಕಾಪಾಡುವ ಸುಲಭ ದಾರಿ ಬೇರೆಯಿತ್ತು. ಹೆಪ್ಪು ಹಾಕು, ಕಡೆ, ಬೆಣ್ಣೆ ತೆಗೆ, ತುಪ್ಪ ಕಾಯಿಸು. ತುಪ್ಪ ಬಿಸಿಲಿಗೆ ಹೆದರುವುದಿಲ್ಲ. ತಂಪು ಇದ್ದಲ್ಲಿ ಚೀಸ್ ಉಳಿದಿದೆ. ಜಮ್ಮುವಿನ ಬೆಟ್ಟಗಳಲ್ಲಿ ಗುಜ್ಜರ್, ಬಕರ್ವಾಲ್ ಮುಸ್ಲಿಂ ಪಶುಪಾಲಕರು ಮಾಡುವ ‘ಕಲಾರಿ’ ಇದಕ್ಕೆ ಒಳ್ಳೆಯ ಉದಾಹರಣೆ. ಬೇಗ ತಿಂದು ಮುಗಿಸುವ ಹಸಿ ಚೀಸ್ ಆದರೆ ಪೇಟೆಗಳಲ್ಲೂ ಉಳಿಯಿತು. ಬುಟ್ಟಿಯಲ್ಲಿ ಇಳಿಸುವ ಪಾರ್ಸಿಗಳ ‘ಟೋಪ್ಲಿ ಪನೀರ್’, ಢಾಕಾದ ಪನೀರ್ ಹಾಗೆ ಬದುಕಿದವು.

ಕರುವಿನ ಹೊಟ್ಟೆ

ಹೆಪ್ಪಿನ ಪ್ರಶ್ನೆಗೆ ಮರಳೋಣ. ಹಾಲು ಕುಡಿಯುವ ಎಳೆಗರುವಿನ ನಾಲ್ಕನೆಯ ಜಠರದಲ್ಲಿ ಕೈಮೋಸಿನ್ ಎಂಬ ಕಿಣ್ವವಿರುತ್ತದೆ. ತಾಯಿಯ ಹಾಲನ್ನು ಹೊಟ್ಟೆಯಲ್ಲಿ ಗಟ್ಟಿಯಾಗಿಸಿ ನಿಧಾನವಾಗಿ ಜೀರ್ಣ ಮಾಡಿಕೊಳ್ಳಲೆಂದು ನಿಸರ್ಗ ಕರುವಿಗೆ ಕೊಟ್ಟ ವರ ಅದು. ಆ ಜಠರವನ್ನು ಒಣಗಿಸಿ ತೆಗೆದ ಹೆಪ್ಪೇ ರೆನೆಟ್. ಯೂರೋಪಿನ ಹೆಸರಾಂತ ಚೀಸ್‌ಗಳೆಲ್ಲ ಬಹುಮಟ್ಟಿಗೆ ನಿಂತಿರುವುದು ಅದರ ಮೇಲೆ.

ಇಸ್ಲಾಮಿನ ಪಂಡಿತರೂ ಈ ಹೊಟ್ಟೆಯ ಮುಂದೆ ನಿಂತು ಯೋಚಿಸಿದ್ದಾರೆ. ತಬೂಕಿನಲ್ಲಿ ಪ್ರವಾದಿ ಮುಹಮ್ಮದ್(ಸ)ರ ಮುಂದೆ ಚೀಸ್ ತಂದಿಟ್ಟಾಗ ಅವರು ಚಾಕು ತರಿಸಿ, ಅಲ್ಲಾಹನ ಹೆಸರು ಹೇಳಿ ಅದನ್ನು ಕೊಯ್ದರೆಂದು ಅಬೂದಾವೂದ್ ಸಂಗ್ರಹದ ಹದೀಸ್ ತಿಳಿಸುತ್ತದೆ. ಶಾಸ್ತ್ರೋಕ್ತವಾಗಿ ಕೊಯ್ಯದ ಪ್ರಾಣಿಯ ರೆನೆಟ್ ಬಗ್ಗೆ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. ಇಮಾಮ್ ಅಬೂ ಹನೀಫಾ ಅನುಮತಿಸಿದರು, ಶಾಫಿ ಪಂಥದವರು ಒಪ್ಪಲಿಲ್ಲ. ಅಂದರೆ ಒಂದೇ ತುಂಡು ವಿದೇಶಿ ಚೀಸ್‌ಗೆ ಮಂಡ್ಯದ ಹನಫಿ ಮನೆಯಲ್ಲೂ ಮಂಗಳೂರಿನ ಬ್ಯಾರಿಗಳ ಶಾಫಿ ಮನೆಯಲ್ಲೂ ಬೇರೆ ಬೇರೆ ತೀರ್ಪು ಸಿಗಬಹುದು. ಜೈನರಿಗೆ, ಲಿಂಗಾಯತರಿಗೆ, ಬ್ರಾಹ್ಮಣರಿಗೆ ತೀರ್ಪು ಕೇಳುವ ಪ್ರಮೇಯವೇ ಇಲ್ಲ.

ಪರಿಹಾರ ಹುಡುಕಿದವರೂ ಇದ್ದರು. ಸಿಂಧ್, ಬಲೂಚಿಸ್ತಾನ, ಅಫ್ಘಾನಿಸ್ತಾನದ ಒಣನೆಲದಲ್ಲಿ ‘ಪನೀರ್ ಡೋಡಿ’ ಎಂಬ ಗಿಡವಿದೆ. ಅದರ ಕಾಯಿಯಿಂದ ಹಾಲು ಹೆಪ್ಪುಗಟ್ಟಿಸುವುದು ಅಲ್ಲಿನ ಪಶುಪಾಲಕರ ಹಳೆಯ ವಿದ್ಯೆ. ಶೆರಿಡನ್ ಲೀ ಎಂಬ ಇಂಗ್ಲಿಷ್ ವಿಜ್ಞಾನಿ ಅದರ ಬೀಜದಿಂದ ರೆನೆಟ್‌ನಂಥ ಕಿಣ್ವವನ್ನು ಬೇರ್ಪಡಿಸಿ 1883ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಕೊಟ್ಟ. ಆ ಗಿಡದ ತಂಗಿಯೇ ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಹಿರೇಮದ್ದು, ಅಂದರೆ ಅಶ್ವಗಂಧ. ಕೊನೆಗೆ 1990ರಲ್ಲಿ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೋಸಿನ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟ ಮೇಲೆ ಜಗತ್ತಿನ ಚೀಸ್ ಉದ್ಯಮ ಬಹುಪಾಲು ಕರುವಿನ ಹೊಟ್ಟೆಯನ್ನು ಬಿಟ್ಟಿತು. ಭಾರತದ ಆಹಾರ ನಿಯಮಗಳೂ ಚೀಸ್‌ಗೆ ಪ್ರಾಣಿಜನ್ಯವಲ್ಲದ ಹೆಪ್ಪನ್ನೇ ಹೇಳುತ್ತವೆ. ಮೇಳದ ಹುಡುಗಿಯ ಅಭಯದ ಹಿಂದೆ ಇಷ್ಟೆಲ್ಲ ಇತ್ತು.

ಬೆಣ್ಣೆ ಚಾವಡಿಯಿಂದ ಅಮೃತ ಮಹಲಿಗೆ

ಕರುವಿನ ಮಾತು ಬಂದಾಗ ಮೈಸೂರಿನ ಇತಿಹಾಸದ ಒಂದು ಪುಟವನ್ನು ಬಿಡಲಾಗದು. ಚಿಕ್ಕದೇವರಾಜ ಒಡೆಯರು (1673-1704) ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಹಸುಗಳ ಮಂದೆಗಳನ್ನು ಸಾಕಿಸಿ, ಅವುಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ತೆರೆದರು. ಮೇಯಲು ಕಾವಲುಗಳನ್ನು ಗೊತ್ತುಮಾಡಿದರು. ಹೈದರಲಿ ಆ ಮಂದೆಗಳನ್ನು ಬೆಳೆಸಿ ಸೈನ್ಯದ ಫಿರಂಗಿ, ಸಾಮಾನು ಎಳೆಯಲು ಬಳಸಿದ. ಟಿಪ್ಪು ಸುಲ್ತಾನ್ ಆ ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ದನಗಳ ಆರೈಕೆ, ಎಣಿಕೆ, ತಳಿ ಕಾಯುವ ಬಗ್ಗೆ ಹುಕುಂ ಹೊರಡಿಸಿದ. ಆ ಹೆಸರನ್ನು ಗಮನಿಸಿ. ‘ಅಮೃತ’ ಸಂಸ್ಕೃತ, ‘ಮಹಲ್’ ಅರಬ್ಬಿ. ಶ್ರೀರಂಗಪಟ್ಟಣದ ಕಚೇರಿಯಲ್ಲಿ ಇವೆರಡೂ ಜಗಳವಾಡದೆ ಪಕ್ಕಪಕ್ಕ ಕುಳಿತಿದ್ದವು.

1799ರ ನಂತರ ಮಂದೆಗಳು ಇಂಗ್ಲಿಷರ ಕೈಗೆ ಹೋದವು. ಆರ್ಥರ್ ವೆಲ್ಲೆಸ್ಲಿ ಈ ಎತ್ತುಗಳ ಓಟವನ್ನು ಬಾಯ್ತುಂಬ ಹೊಗಳಿದ. ಖರ್ಚು ಉಳಿಸಲೆಂದು 1860ರಲ್ಲಿ ಮಂದೆಯನ್ನು ಮಾರಿದ ಸರ್ಕಾರ, ಒಳ್ಳೆಯ ಎತ್ತುಗಳು ಸಿಗದೆ 1866ರಲ್ಲಿ ಮತ್ತೆ ಕಟ್ಟಬೇಕಾಯಿತು.

ಇದರಲ್ಲಿ ಒಂದು ವಿಚಿತ್ರವಿದೆ. ಬೆಣ್ಣೆಗಾಗಿ ಹುಟ್ಟಿದ ಇಲಾಖೆಯ ಹಸುಗಳನ್ನು ಕ್ರಮೇಣ ಕರೆಯುವುದೇ ಕಡಿಮೆಯಾಯಿತು. ಹಾಲನ್ನು ಕರುವಿಗೇ ಬಿಡುತ್ತಿದ್ದರು, ಏಕೆಂದರೆ ನಾಳೆ ಫಿರಂಗಿ ಎಳೆಯಬೇಕಾದದ್ದು ಆ ಕರು. ರೈತರ ಕೊಟ್ಟಿಗೆಯಲ್ಲೂ ಇದೇ ಲೆಕ್ಕ: ಎರಡು ಮೊಲೆ ನಮಗೆ, ಎರಡು ಮೊಲೆ ಕರುವಿಗೆ. ಹಾಲು ಕರೆಯುವವನಿಗೆ, ಕೆಚ್ಚಲನ್ನು ಪೂರ್ತಿ ಬರಿದು ಮಾಡಬೇಡ, ಸ್ವಲ್ಪ ಉಳಿಸು ಎಂದು ಪ್ರವಾದಿ(ಸ) ಹೇಳಿದ ಹದೀಸೂ ಇದೆ. ಗಂಡು ಕರುವಿಗೆ ಬೆಲೆ ಇದ್ದಷ್ಟು ಕಾಲ ಈ ಲೆಕ್ಕ ನಡೆಯಿತು. ಟ್ರ್ಯಾಕ್ಟರ್ ಬಂತು, ಸೀಮೆ ಹಸು ಬಂತು, ಲೆಕ್ಕ ತಪ್ಪಿತು. ಅಮೃತ ಮಹಲಿನ ಕಾವಲುಗಳೂ ಕರಗಿದವು. ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ದನ ಕಾಯುವವರು ಬೇಲಿಯ ಈಚೆ ಉಳಿದರು.

ಈಗ ಮುಸ್ಲಿಮನ ಹೆಸರನ್ನು ದನದ ಜೊತೆ ಸೇರಿಸಿ ಹೇಳಿದರೆ ಕೇಳುವವರ ಕಣ್ಣ ಮುಂದೆ ಬರುವುದು ಕತ್ತಿಯೊಂದೇ. ಕಲಾರಿ ಮಾಡುವ ಬಕರ್ವಾಲ್ ನೆನಪಾಗುವುದಿಲ್ಲ, ಅಮೃತ ಮಹಲಿನ ಹುಕುಂ ನೆನಪಾಗುವುದಿಲ್ಲ. ಚರಿತ್ರೆಯ ಹಾಲನ್ನು ನಾವು ಹೀಗೂ ಒಡೆದುಕೊಂಡಿದ್ದೇವೆ.

ಮೇಳದಿಂದ ಮನೆಗೆ

ಮೇಳದಲ್ಲಿ ತೇಲುವ ಬಿಳಿ ಉಂಡೆಗಳನ್ನು ಕಂಡೆನೆಂದೆನಲ್ಲ, ಅವು ಮೊಝರೆಲ್ಲಾ. ಬೆಂಗಳೂರಿನ ಹೊರವಲಯದ ವಲ್ಲೊಂಬ್ರೋಸಾ ಮಠದ ಬೆನೆಡಿಕ್ಟೀನ್ ಕ್ರೈಸ್ತ ಸನ್ಯಾಸಿಗಳು ಇಟಲಿಯ ಆ ವಿದ್ಯೆಯನ್ನು ಕಲಿತು ಎರಡು ದಶಕಗಳಿಂದ ನಮ್ಮ ಹಾಲಿನಲ್ಲೇ ಅಂಥದ್ದನ್ನು ಮಾಡುತ್ತಿದ್ದಾರೆ. ಮುಂಬೈಯ ಎಲೆಫ್ತೀರಿಯಾ ಎಂಬ ಸಂಸ್ಥೆ ಒಡೆದ ಹಾಲಿನ ನೀರನ್ನು ಕುದಿಸಿ ಕುದಿಸಿ ತಯಾರಿಸುವ ನಾರ್ವೆ ಮಾದರಿಯ ಕಂದು ಚೀಸ್‌ಗೆ 2021ರ ವಿಶ್ವ ಚೀಸ್ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಸಿಕ್ಕಿತು. ನಮ್ಮ ಅಮ್ಮಿ ಆ ನೀರನ್ನು ಚೆಲ್ಲದೆ ರೊಟ್ಟಿಯ ಹಿಟ್ಟು ಕಲಸುತ್ತಿದ್ದರು, ಪದಕ ಮಾತ್ರ ಯಾರೂ ಕೊಡಲಿಲ್ಲ.

ಒಂದು ಕಿಲೋ ಗಟ್ಟಿ ಚೀಸ್‌ಗೆ ಸುಮಾರು ಹತ್ತು ಲೀಟರ್ ಹಾಲು ಬೇಕು. ನಾನು ನೂರು ಗ್ರಾಂ ತುಂಡಿಗೆ ಕೊಟ್ಟ ಹಣ ನಮ್ಮೂರಿನ ರೈತರಿಗೆ ಎಂಟು ಹತ್ತು ಲೀಟರ್ ಹಾಲಿಗೆ ಸಿಗುವಷ್ಟಿತ್ತು. ಮಾಡುವವರ ಶ್ರಮ, ಮಾಗಿಸುವ ಖರ್ಚು ನನಗೆ ಅರ್ಥವಾಗುತ್ತದೆ. ಆದರೆ ಆ ವಿದ್ಯೆ ಹಾಲು ಕರೆಯುವವರ ಮನೆಗೂ ಯಾಕೆ ತಲುಪಬಾರದು? ಲೋಕೋಪಕಾರದ ಗಿಡಗಳು ಇನ್ನೂ ನಮ್ಮ ಕೆರೆಯಂಚಿನಲ್ಲಿವೆ. ಮಂಡ್ಯದಲ್ಲಿ ವಿ.ಸಿ. ಫಾರಂ ಇದೆ, ಹೆಬ್ಬಾಳದಲ್ಲಿ ಡೇರಿ ವಿಜ್ಞಾನ ಕಾಲೇಜಿದೆ. ಅಲ್ಲಿನ ಒಬ್ಬ ವಿದ್ಯಾರ್ಥಿ ಸಾವಿರ ವರ್ಷದ ಆ ಎರಡು ವಿಧಾನಗಳನ್ನು ಎಮ್ಮೆಯ ಹಾಲಿನ ಮೇಲೆ ಪ್ರಯೋಗಿಸಿ, ಬಂದ ಫಲವನ್ನು ಕನ್ನಡದಲ್ಲಿ ಬರೆದರೆ ಸಾಕು. ಮುಂದಿನ ಮೇಳದಲ್ಲಿ ಒಂದು ಮೇಜಿನ ಮೇಲೆ ಕೃಷ್ಣರಾಜಪೇಟೆಯ ಹಾಲುವುಗ ಇರಬಹುದು. ಆಗ ಆ ಹುಡುಗಿ ಬೇರೆ ಚರಿತ್ರೆ ಹೇಳುತ್ತಾಳೆ.

ಉಳಿಸಿಕೊಂಡಿದ್ದ ಒಂದು ತುಣುಕನ್ನು ಗೋವಿಂದನಹಳ್ಳಿಯ ದೊಡ್ಡವ್ವನಿಗೆ ಒಯ್ದಿದ್ದೆ. ಅವಳಿಗೆ ಈಗ ಎಂಬತ್ತು ದಾಟಿದೆ. ಮೂಸಿ ನೋಡಿದಳು, ಮುಂದಿನ ಹಲ್ಲಿನಲ್ಲಿ ಚೂರು ಕಚ್ಚಿದಳು.

"ಉಪ್ಪಾಕಿದ ಗಿಣ್ಣು ಕನ್ ಮಗಾ ಇದು. ಎಷ್ಟು ಕೊಟ್ಟೆ?"

ನಿಜ ಹೇಳಲು ನಾಚಿಕೆಯಾಗಿ ಅರ್ಧ ಬೆಲೆ ಹೇಳಿದೆ. ಅಷ್ಟಕ್ಕೇ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಅವಳ ಮಗನ ಸೀಮೆ ಹಸು ಎರಡು ದಿನದ ಹಿಂದೆ ಈದಿತ್ತು. ಬಿಸಿ ಮಾಡಿದರೆ ಒಡೆಯುವುದರಿಂದ ಈ ಹಾಲನ್ನು ಡೇರಿಯವರು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಇಂದಿಗೂ ಮನೆಯಲ್ಲೇ ಉಳಿಯುವ, ನೆರೆಮನೆಗೆ ಹೋಗುವ ಹಾಲು ಇದೊಂದೇ. ಒಳಗಿಂದ ತಂಬಿಗೆ ತಂದು ನನ್ನ ಕೈಗಿಟ್ಟಳು. ಕೊಟ್ಟಿಗೆಯ ಮೂಲೆಯಲ್ಲಿ ಕರು ಕಟ್ಟಿಹಾಕಿತ್ತು, ಗಂಡು ಕರು. 2021ರಲ್ಲಿ ಜಾರಿಗೆ ಬಂದ ಕಾಯ್ದೆಯ ಮೇಲೆ ಅದನ್ನು ಕೊಳ್ಳುವವರಿಲ್ಲ. ಉಳಲು ಅದು ಬೇಕಿಲ್ಲ, ಸಾಕಲು ಮೇವಿಲ್ಲ. ಮೇಳದಲ್ಲಿ ನಾವಿಬ್ಬರೂ ಅಷ್ಟು ಕಾಳಜಿಯಿಂದ ವಿಚಾರಿಸಿದ ಕರು ಇಲ್ಲಿ ಕಣ್ಣೆದುರಿಗೇ ನಿಂತಿತ್ತು.

"ಹಾಲೇನೋ ನಮ್ಗಾಯ್ತದೆ, ಇದು ಯಾರ್ಗೆ ಮಗಾ?" ಎಂದಳು ದೊಡ್ಡವ್ವ.

ಉತ್ತರ ನನ್ನಲ್ಲಿರಲಿಲ್ಲ. ಸಂಜೆ ಅಮ್ಮಿ ಹಬೆಯಲ್ಲಿ ಬೇಯಿಸಿದ ಗಿಣ್ಣನ್ನು ಎಲ್ಲರೂ ತಿಂದೆವು. ಬೆಳಿಗ್ಗೆ ತಂಬಿಗೆಗೆ ಒಂದು ಹಿಡಿ ಸಕ್ಕರೆ ಹಾಕಿ, ಕರುವಿಗೆ ಒಂದು ಚೀಲ ಬೂಸಾ ಹೊತ್ತುಕೊಂಡು ಗೋವಿಂದನಹಳ್ಳಿಯ ಹಾದಿ ಹಿಡಿದೆ.